ಸೂರ್ಯಘರ್ ಸಹಾಯಧನ: ಮೀಟರ್ ತೀರಿಹೋದ ತಂದೆಯ ಹೆಸರಿನಲ್ಲಿದೆ, ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಚಿಂತಾಮಣಿಯ ನಮ್ಮ ಮನೆಯ ತಾರಸಿಯ ಮೇಲೆ 3 ಕಿಲೋವ್ಯಾಟ್ ಸೋಲಾರ್ ಹಾಕಿಸಬೇಕೆಂದಿದ್ದೇವೆ. ಕೇಂದ್ರ ಸರ್ಕಾರದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೊದಲ 2 ಕಿಲೋವ್ಯಾಟಿಗೆ ತಲಾ 30,000, ಮೂರನೆಯದಕ್ಕೆ 18,000, ಒಟ್ಟು 78,000 ರೂಪಾಯಿ ಸಹಾಯಧನ ಬರುತ್ತದೆ. ನಮ್ಮಂಥವರಿಗೆ ಅದು ಸಣ್ಣ ಮೊತ್ತವಲ್ಲ. ಬಿಸಿಲಿಗಂತೂ ನಮ್ಮ ಕಡೆ ಬರವಿಲ್ಲ, ಬರವೇನಿದ್ದರೂ ನೀರಿಗೆ.

ತೊಡಕು ಇಷ್ಟೇ: ಮನೆಯ ವಿದ್ಯುತ್ ಮೀಟರ್ ತೀರಿಹೋದ ನಮ್ಮ ತಂದೆಯವರ ಹೆಸರಿನಲ್ಲಿದೆ. ಅರ್ಜಿದಾರರ ಹೆಸರು ವಿದ್ಯುತ್ ಬಿಲ್ಲಿನಲ್ಲಿರುವ ಹೆಸರಿಗೆ ಹೊಂದಬೇಕು, ಹಣ ಬರುವುದೂ ಅರ್ಜಿದಾರರ ಬ್ಯಾಂಕ್ ಖಾತೆಗೇ. ಅಮ್ಮನ ಹೆಸರಿಗೆ ಬದಲಾಯಿಸೋಣವೆಂದು ಮರಣ ಪ್ರಮಾಣಪತ್ರ, ವಂಶವೃಕ್ಷ, ಅಣ್ಣನ ಮತ್ತು ನನ್ನ ಒಪ್ಪಿಗೆ ಪತ್ರ ಎಲ್ಲವನ್ನೂ ವಿದ್ಯುತ್ ಕಚೇರಿಗೆ ಕೊಟ್ಟೆವು. ಒಬ್ಬ ಸಿಬ್ಬಂದಿ ಇಷ್ಟು ಸಾಕು ಎಂದರು. ಅದೇ ಕಚೇರಿಯ ಇನ್ನೊಬ್ಬರು, ಮೊದಲು ನಗರಸಭೆಯಲ್ಲಿ ಮನೆಯ ಖಾತೆ (ಆಸ್ತಿಯ ದಾಖಲೆ) ಬದಲಾಗಲಿ ಎಂದು ಕಡತ ಹಿಂದಿರುಗಿಸಿದರು. ಖಾತೆ ಬದಲಾವಣೆ ಎಂದರೆ ಅದೇ ಒಂದು ಪುರಾಣ!

ಇದರ ನಡುವೆ ಸೋಲಾರ್ ಹಾಕುವವರು, "ಮುಂಗಡ ಕೊಡಿ, ಕೆಲಸ ಮುಗಿಸುತ್ತೇವೆ, ಹೆಸರನ್ನು ಆಮೇಲೆ ನೋಡಿಕೊಳ್ಳೋಣ" ಎನ್ನುತ್ತಿದ್ದಾರೆ. ಸಹಾಯಧನ ಬರುವುದು ನೆಟ್ ಮೀಟರ್ (ನಾವು ಬಳಸಿದ ಮತ್ತು ಹೊರಗೆ ಕೊಟ್ಟ ವಿದ್ಯುತ್ ಎರಡನ್ನೂ ಅಳೆಯುವ ಮೀಟರ್) ಕೂರಿಸಿ ತಪಾಸಣೆ ಮುಗಿದ ಮೇಲೆ. ಆಗ ಹೆಸರು ಹೊಂದದಿದ್ದರೆ ಅವರು ಹೊಣೆ ಹೊರುತ್ತಾರೆಯೇ? ನನಗೆ ನಂಬಿಕೆಯಿಲ್ಲ.

ಚಿಕ್ಕಬಳ್ಳಾಪುರ, ಕೋಲಾರ, ತುಮಕೂರು ಕಡೆ ಇತ್ತೀಚೆಗೆ ಹೀಗೆ ಹೆಸರು ಬದಲಾಯಿಸಿಕೊಂಡವರು ದಯವಿಟ್ಟು ತಿಳಿಸಿ: ಮನೆಯ ಖಾತೆ ತಂದೆಯ ಹೆಸರಿನಲ್ಲೇ ಇದ್ದಾಗ, ವಾರಸುದಾರರ ಒಪ್ಪಿಗೆ ಪತ್ರದ ಮೇಲೆಯೇ ಮೀಟರ್ ಅನ್ನು ಅಮ್ಮನ ಹೆಸರಿಗೆ ಮಾಡಿಕೊಟ್ಟರೇ? ಹೌದಾದರೆ ಯಾವ ದಾಖಲೆಗಳನ್ನು ಕೊಟ್ಟಿರಿ?