ಸಹಾಯ ಬೇಕು: ಏರ್ ರೈಫಲ್‌ನಲ್ಲಿ ಹೋಗಿರೋದು ಸ್ಪ್ರಿಂಗೋ, ಪಿಸ್ಟನ್ ಸೀಲೋ?

ಎಲ್ಲರಿಗೂ ನಮಸ್ಕಾರ. ನಂದು 4.5 ಮಿ.ಮೀ. ಏರ್ ರೈಫಲ್, ನಳಿಗೆ ಬಗ್ಗಿಸಿ ಲೋಡ್ ಮಾಡೋ ಸ್ಪ್ರಿಂಗ್ ಮಾದರಿ. ಹದಿನೈದು ದಿನದಿಂದ ಬಲವೇ ಇಲ್ಲ. 10 ಮೀಟರ್‌ನಲ್ಲಿ ತಗಡಿನ ಡಬ್ಬಿ ತೂತು ಮಾಡ್ತಿದ್ದ ಪೆಲೆಟ್ ಈಗ ಬರೀ ತಗ್ಗು ಬೀಳಿಸಿ ಉದುರುತ್ತೆ.

ಮೊದಲು ಅನುಮಾನ ಬಂದಿದ್ದು ನಳಿಗೆ ಬುಡದಲ್ಲಿ ಗಾಳಿ ಸೋರದಂತೆ ತಡೆಯೋ ಓ-ರಿಂಗ್ ಮೇಲೆ. ಆ ಸಂದಿ ಮೇಲೆ ಟಿಶ್ಯೂ ಪೇಪರ್ ಚೂರು ಇಟ್ಟು ಹೊಡೆದೆ, ಪುಸ್ ಅಂತ ಹಾರಿಹೋಯ್ತು. ಸಿಕ್ಕಿಬಿತ್ತು ಕಳ್ಳ ಅಂದ್ಕೊಂಡು ಹೊಸ ರಿಂಗ್ ಹಾಕಿದೆ. ಈಗ ಪೇಪರ್ ಅಲ್ಲಾಡಲ್ಲ, ಆದ್ರೆ ಬಲ ಮಾತ್ರ ವಾಪಸ್ ಬಂದಿಲ್ಲ! ಬೇರೆ ಪೆಲೆಟ್ಟೂ ಹಾಕಿ ನೋಡಿದೆ, ಸ್ಕ್ರೂಗಳನ್ನೂ ಬಿಗಿ ಮಾಡಿದೆ.

ನಳಿಗೆ ಬಗ್ಗಿಸುವಾಗ ಅರ್ಧದಲ್ಲಿ ಕರಕರ ಅನ್ನುತ್ತೆ, ಹೊಡೆದಾಗ 'ಟಂಯ್' ಅಂತ ಸದ್ದು. ಅಂದ್ರೆ ಸ್ಪ್ರಿಂಗ್ ಮುರಿದಿರಬೇಕು. ಆದ್ರೆ ಅಕ್ಕನ ಮಗ ಪೆಲೆಟ್ ಇಲ್ಲದೆ ಖಾಲಿ ಹೊಡೆದು ಆಟ ಆಡಿದ್ದಾನೆ, ಹಾಗೆ ಮಾಡಿದ್ರೆ ಪಿಸ್ಟನ್ ತುದಿಯಲ್ಲಿ ಗಾಳಿ ಸೋರದಂತೆ ತಡೆಯೋ ಸೀಲ್ ಕೂಡ ಹಾಳಾಗುತ್ತೆ. ಬಿಚ್ಚೋಣ ಅಂದ್ರೆ ಸ್ಪ್ರಿಂಗ್ ಒಳಗೆ ಒತ್ತಿ ಕೂತಿರುತ್ತೆ. ಸ್ಪ್ರಿಂಗ್ ಒತ್ತಿ ಹಿಡಿಯೋ ಕಂಪ್ರೆಸರ್ ಇಲ್ಲದೆ ಪಿನ್ ತೆಗೆದ್ರೆ ನೇರ ಮುಖಕ್ಕೇ.

ಬಿಚ್ಚದೆಯೇ ಇವೆರಡರಲ್ಲಿ ಯಾವುದು ಹೋಗಿದೆ ಅಂತ ಗೊತ್ತು ಮಾಡ್ಕೊಳ್ಳೋದು ಹೇಗೆ? ಹೇಗೂ ಬಿಚ್ಚಲೇಬೇಕು ಅಂದ್ರೆ ಎರಡನ್ನೂ ಒಟ್ಟಿಗೇ ಬದಲಿಸಿಬಿಡ್ಲಾ?