ಗೇ ಹುಡುಗರ ಕಾದಂಬರಿ ಓದಿದ ಮಕ್ಕಳ ಹತ್ತಿರ ಅಭಿಪ್ರಾಯ ಕೇಳುವುದು ಹೇಗೆ?

ಬ್ರಹ್ಮಗಿರಿ_ಓದು (ಉಡುಪಿ):
ಪಿಯುಸಿ, ಡಿಗ್ರಿ ಮಕ್ಕಳ ಓದುಕೂಟಕ್ಕೆ ಈ ಸಲ ಹದಿಹರೆಯದ ಗೇ ಪಾತ್ರಗಳಿರುವ ಇಂಗ್ಲಿಷ್ ಕಾದಂಬರಿ ಇಟ್ಟಿದ್ದೇವೆ. ಚೀಟಿಗಳಲ್ಲಿ ಅರ್ಧಕ್ಕರ್ಧ ‘ಚೆನ್ನಾಗಿದೆ’, ಉಳಿದದ್ದು ‘ಇದೆಲ್ಲ ನಮ್ಮ ಕಡೆ ಇಲ್ಲ’. ಪುಸ್ತಕದ ಬಗ್ಗೆ ಒಂದು ಮಾತೂ ಇಲ್ಲ. ಅವರು ಬಾಯಿಬಿಡಬೇಕಾದರೆ ಎಂತ ಮಾಡಬೇಕು? ಯಾರಿಗೂ ತೊಂದರೆ ಆಗಲೂಬಾರದು.

ಕದ್ರಿ_ಪುಟ:
ಪ್ರಶ್ನೆ ಬದಲಿಸಿ. ‘ಇಂಥವರ ಬಗ್ಗೆ ಏನಂತೀರಿ’ ಎಂದು ಕೇಳಿದರೆ ಮಕ್ಕಳು ಮನೆಯಲ್ಲಿ ಕೇಳಿದ್ದನ್ನು ಬರೆಯುತ್ತಾರೆ, ಇಲ್ಲವೆ ನಿಮಗೆ ಖುಷಿಯಾಗುವುದನ್ನು. ಯಾವ ಪುಟದಲ್ಲಿ ಓದು ನಿಂತಿತು, ಯಾವ ಮಾತು ಸುಳ್ಳು ಅನ್ನಿಸಿತು, ಯಾರ ಮೇಲೆ ಸಿಟ್ಟು ಬಂತು, ಇಷ್ಟು ಸಾಕು. ಪುಟಸಂಖ್ಯೆ ಬರೆಯಲೇಬೇಕು. ನಾಲ್ಕು ಮಂದಿ ಒಂದೇ ಪುಟದಲ್ಲಿ ನಿಂತಿದ್ದರೆ ಚರ್ಚೆ ಅಲ್ಲಿಂದಲೇ ಶುರುವಾಗಲಿ.

ಹೊರದೇಶದ ಕಾದಂಬರಿಗಳಲ್ಲಿ ಹೆಚ್ಚಾಗಿ ಅದು ಹುಡುಗ ಅಪ್ಪ ಅಮ್ಮನಿಗೆ ವಿಷಯ ಹೇಳುವ ಪುಟ. ಅವನಿಗೆ ಸ್ವಂತ ಕೋಣೆ ಉಂಟು, ಬಾಗಿಲಿಗೆ ಚಿಲಕ ಉಂಟು. ಅಜ್ಜಿಯ ಪಕ್ಕ ಮಲಗುವ, ಮೊಬೈಲು ಅಣ್ಣನ ಕೈಗೂ ಹೋಗುವ ಹುಡುಗನಿಗೆ ಅದನ್ನು ನಂಬುವುದು ಕಷ್ಟ. ‘ನಮ್ಮ ಕಡೆ ಇಲ್ಲ’ ಎಂದವರು ಹಲವು ಸಲ ಹೇಳುತ್ತಿರುವುದು ಇದನ್ನೇ. ದ್ವೇಷ ಅಂತ ತಳ್ಳಿಹಾಕಬೇಡಿ. ‘ಈ ಹುಡುಗ ಬಂಟ್ವಾಳದವನಾಗಿದ್ದರೆ ಯಾರಿಗೆ ಮೊದಲು ಹೇಳುತ್ತಿದ್ದ, ಎಲ್ಲಿ ಕೂತು?’ ಎಂದು ಕೇಳಿ. ‘ನೀನಾದರೆ?’ ಎಂದು ಮಾತ್ರ ಯಾವತ್ತೂ ಬೇಡ. ಉತ್ತರಕ್ಕೆ ತಡವರಿಸಿದವನನ್ನು ಮರುದಿನ ಬಸ್‌ಸ್ಟ್ಯಾಂಡಿನಲ್ಲಿ ಗೋಳುಹೊಯ್ದುಕೊಳ್ಳುತ್ತಾರೆ.

ಪಡುಬಿದ್ರಿ_ಕಡಲು:
ಸಿಟ್ಟಿನ ಪ್ರಶ್ನೆ ಚೀಟಿಯಲ್ಲೇ ಇರಲಿ, ಎಲ್ಲರೆದುರು ಬೇಡ. ಇನ್ನು ಚೀಟಿ: ಹೆಸರಿಲ್ಲದಿದ್ದರೂ ಕೈಬರಹ ಇಡೀ ಕ್ಲಾಸಿಗೆ ಗೊತ್ತಿರುತ್ತದೆ. ಗುಂಪಿನಲ್ಲಿ ಬ್ಯಾರಿಯೋ ಕೊಂಕಣಿಯೋ ಆಡುವವರು ಒಬ್ಬರೇ ಇದ್ದರೆ ಒಂದು ಪದ ಸಾಕು, ಸಿಕ್ಕಿಬೀಳುತ್ತಾರೆ. ಚೀಟಿಗಳನ್ನು ನೀವೇ ಒಟ್ಟುಮಾಡಿ, ಒಂದೇ ಹಾಳೆಗೆ ಇಳಿಸಿ, ಪದ ಸ್ವಲ್ಪ ಬದಲಿಸಿ ಓದಿ, ಮೂಲ ಹರಿದುಬಿಡಿ. ಗೂಗಲ್ ಫಾರ್ಮ್ ಆದರೆ ಇಮೇಲ್ ಸಂಗ್ರಹ ಆಫ್ ಮಾಡಿ. ಆಗಲೂ ಉತ್ತರ ಬಂದ ಸಮಯ ಶೀಟಿನಲ್ಲಿ ಉಳಿಯುತ್ತದೆ, ಶೀಟನ್ನು ಯಾರಿಗೂ ಶೇರ್ ಮಾಡಬೇಡಿ.

ಮನೆಗೆ ಹೋಗುವ ಪುಸ್ತಕಕ್ಕೆ ಬೈಂಡ್ ಹಾಕಿ, ಕೂಟದ ಎಲ್ಲ ಪುಸ್ತಕಕ್ಕೂ. ಇದೊಂದಕ್ಕೇ ಹಾಕಿದರೆ ಬೈಂಡೇ ಚಾಡಿ ಹೇಳುತ್ತದೆ.

ಬ್ರಹ್ಮಗಿರಿ_ಓದು:
ಉಪಕಾರ ಆಯ್ತು. ‘ಡಾಕ್ಟರಿಗೆ ತೋರಿಸಬಹುದಿತ್ತು’ ಅಂತ ಎರಡು ಚೀಟಿ ಉಂಟು. ಸುಮ್ಮನೆ ಬಿಡುವುದಾ? ಮುಂದಿನ ಪುಸ್ತಕ ಯಾವುದು ಆದೀತು?

ಕದ್ರಿ_ಪುಟ:
ಬಿಡಬೇಡಿ ಮಾರಾಯ್ರೆ. ಅದು ಅಭಿಪ್ರಾಯ ಅಲ್ಲ, ತಪ್ಪು ಮಾಹಿತಿ. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಸಲಿಂಗಪ್ರೇಮವನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆದಿದೆ. ಬದಲಾಯಿಸುತ್ತೇವೆಂದು ಚಿಕಿತ್ಸೆ ಕೊಡುವುದು ವೈದ್ಯರ ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿದೆ. ಇಷ್ಟು ಎಲ್ಲರಿಗೂ ಹೇಳಿ. ಬರೆದವರು ಯಾರೆಂದು ಹುಡುಕಬೇಡಿ.

ಮುಂದಕ್ಕೆ ಹಿಮಾಂಜಲಿ ಶಂಕರ್ ಅವರ ‘ಟಾಕಿಂಗ್ ಆಫ್ ಮುಸ್ಕಾನ್’ (2014). ನಮ್ಮ ದೇಶದ್ದೇ ಶಾಲೆ. ಮುಸ್ಕಾನಳ ಕಥೆ ಹೇಳುವವರು ಮೂವರು ಸಹಪಾಠಿಗಳು. ‘ಅವಳೇ ಯಾಕೆ ಹೇಳುವುದಿಲ್ಲ?’ ಎಂಬ ಒಂದು ಪ್ರಶ್ನೆಗೇ ಒಂದು ಗಂಟೆ ಬೇಕು. ಸುಪ್ರೀಂ ಕೋರ್ಟು 2013ರ ಡಿಸೆಂಬರಿನಲ್ಲಿ ಸಲಿಂಗ ಸಂಬಂಧವನ್ನು ಅಪರಾಧ ಎನ್ನುತ್ತಿದ್ದ ಸೆಕ್ಷನ್ 377 ಎತ್ತಿಹಿಡಿದದ್ದು, ವಯಸ್ಕರ ಸಮ್ಮತಿಯ ಸಂಬಂಧ ಅಪರಾಧವಲ್ಲ ಎಂದದ್ದು 2018ರ ಸೆಪ್ಟೆಂಬರ್ 6ರಂದು. ಪುಸ್ತಕ ಈ ನಡುವೆ ಬಂದದ್ದು ಎಂಬುದನ್ನು ಓದುವ ಮೊದಲೇ ತಿಳಿಸಿ. ಆತ್ಮಹತ್ಯೆ ಯತ್ನದಿಂದ ಶುರುವಾಗುತ್ತದೆ ಎಂಬುದನ್ನೂ ತಿಳಿಸಿ; ಬೇಡವೆಂದವರಿಗೆ ಕಾರಣ ಕೇಳಬಾರದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬ್ರ ಕೂಟದ ಎಲ್ಲ ಪುಸ್ತಕಗಳ ಒಳಬದಿಗೆ ಅಂಟಿಸಿ, ಕನ್ನಡದಲ್ಲೂ ಮಾತಾಡಬಹುದು.

ಪಡುಬಿದ್ರಿ_ಕಡಲು:
ಕನ್ನಡದ್ದು ಬೇಕೆನ್ನುವವರಿಗೆ ವಸುಧೇಂದ್ರರ ‘ಮೋಹನಸ್ವಾಮಿ’ (2013) ಉಂಟು. ಆದರೆ ಅದು ದೊಡ್ಡವರಿಗೆ ಬರೆದದ್ದು, ಪಿಯುಸಿಯವರಿಗಾದರೆ ನೀವು ಮೊದಲು ಓದಿ ಒಂದು ಕಥೆ ಆರಿಸಿ. ಗಟ್ಟಿಯಾಗಿ ಓದುವ ಕೆಲಸ ಮಕ್ಕಳಿಗೆ ಕೊಡಬೇಡಿ, ಆ ಪಾತ್ರದ ಹೆಸರನ್ನೇ ಆಮೇಲೆ ಅವರಿಗೆ ಅಡ್ಡಹೆಸರಾಗಿ ಕಟ್ಟುತ್ತಾರೆ. ನೀವೇ ಓದಿ.