ಸಹಾಯ ಬೇಕು: ನ್ಯೂಜೆರ್ಸಿ ಸ್ಕೂಲ್ ಅಡ್ಮಿಷನ್, ಮಗಳ ಲಸಿಕೆ ವಿಷಯ

ಎಲ್ರಿಗೂ ನಮಸ್ಕಾರ, ನಾವು ತುಮಕೂರಿನ ಕಡೆಯವ್ರು, ಎಡಿಸನ್‌ಗೆ ಬಂದು ಮೂರು ವಾರ ಆಯ್ತು. ಮಗಳನ್ನ ಕಿಂಡರ್‌ಗಾರ್ಟನ್‌ಗೆ ಸೇರ್ಸೋಕೆ ಹೋದ್ರೆ ಅಲ್ಲಿನ ನರ್ಸು, ಊರಲ್ಲಿ ಲಸಿಕೆ ಬರೆದ್ಕೊಟ್ಟಿದ್ದ "ತಾಯಿ ಕಾರ್ಡ್" ತಿರುಗ್ಸಿ ಮುರುಗ್ಸಿ ನೋಡಿ ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ ಮೂರಕ್ಕೂ ಸೇರಿ ಹಾಕೋ ಲಸಿಕೆ) ಎಲ್ಲಿ ಅಂದ್ರು. ಊರಲ್ಲಿ ಸರ್ಕಾರಿ ಆಸ್ಪತ್ರೇಲಿ ಹಾಕೋದು ಎಂಆರ್, ಅದ್ರಲ್ಲಿ ಮಂಗನಬಾವಿಂದು ಇರಲ್ಲ, ಮೊದಲ್ನೇ ಡೋಸ್ 9 ತಿಂಗ್ಳಿಗೇ ಹಾಕ್ಸಿದ್ದು, ಇಲ್ಲಿ ವರ್ಷ ತುಂಬೋಕೆ ಮುಂಚೆ ಹಾಕ್ಸಿದ್ದು ಲೆಕ್ಕಕ್ಕಿಲ್ವಂತೆ. ಚಿಕನ್‌ಪಾಕ್ಸ್‌ದಂತೂ ಹಾಕ್ಸೇ ಇಲ್ಲ.

ಪರಿಚಯದವ್ರೊಬ್ರು "ಲಸಿಕೆ ನಮ್ಮ ಧರ್ಮಕ್ಕೆ ವಿರುದ್ಧ ಅಂತ ಒಂದು ಲೆಟರ್ ಬರ್ಕೊಟ್ಬಿಡಿ, ಇಲ್ಲಿ ನಡಿಯುತ್ತೆ" ಅಂತಿದಾರೆ. ನ್ಯೂಯಾರ್ಕಲ್ಲಿ ದಡಾರ ಹರಡಿ 2019ರಲ್ಲೇ ಧರ್ಮದ ಕಾರಣಕ್ಕೆ ಲಸಿಕೆ ಬೇಡ ಅನ್ನೋ ಈ ವಿನಾಯಿತಿ ತೆಗೆದ್ರು, ನ್ಯೂಜೆರ್ಸೀಲಿ ಇನ್ನೂ ಇದೆ ನಿಜ. ಆದ್ರೆ ನಂಗೆ ಮನಸ್ಸು ಒಪ್ತಿಲ್ಲ. ನಮ್ಮತ್ತೆ ಮಾರಮ್ಮಂಗೆ ತಂಬಿಟ್ಟಿನಾರತಿ ಮಾಡಿ ಮಾರನೇ ದಿನವೇ ಮಗೂನ ಸೊಂಟದ ಮೇಲೆ ಕೂರಿಸ್ಕೊಂಡು ಸೂಜಿ ಹಾಕ್ಸೋಕೆ ಹೋದವ್ರು, ದೇವ್ರ ಹೆಸ್ರಲ್ಲಿ ಸುಳ್ಳು ಹೇಗೆ ಬರೀಲಿ? ಕ್ಲಾಸಲ್ಲಿ ಕ್ಯಾನ್ಸರ್ ಟ್ರೀಟ್ಮೆಂಟ್ ಆಗ್ತಾ ರೋಗ ತಡ್ಕೊಳೋ ಶಕ್ತಿ ಕಮ್ಮಿ ಇರೋ ಮಗು ಇದ್ದು, ನಮ್ಮ ಮಗಳಿಂದ ಅದಕ್ಕೆ ಅಂಟಿದ್ರೆ ಅದ್ರ ಗತಿ?

ಹೊರದೇಶದಿಂದ ಬಂದೋರಿಗೆ ಲಸಿಕೆ ದಾಖಲೆ ಕೊಡೋಕೆ 30 ದಿನ ಟೈಮ್ ಕೊಡ್ತಾರಂತೆ, ಯಾರಾದ್ರೂ ತಗೊಂಡಿದೀರಾ? ಮಗೂಗೆ ರೋಗನಿರೋಧಕ ಶಕ್ತಿ ಇದೆ ಅಂತ ತೋರ್ಸೋ ರಕ್ತ ಪರೀಕ್ಷೆ ರಿಪೋರ್ಟ್ ಕೊಟ್ರೆ ಒಪ್ತಾರಾ, ಅಥವಾ ಸುಮ್ನೆ ಹೊಸದಾಗೇ ಹಾಕ್ಸೋದು ವಾಸೀನಾ? ಇನ್ಶೂರೆನ್ಸ್ ಇನ್ನೂ ಶುರು ಆಗಿಲ್ಲ, ಹತ್ರದಲ್ಲಿ ಕಡಿಮೆ ಖರ್ಚಲ್ಲಿ ಎಲ್ಲಿ ಹಾಕ್ತಾರೆ ದಯವಿಟ್ಟು ಹೇಳಿ, ಸೋಮವಾರ ಮತ್ತೆ ನರ್ಸ್ ಹತ್ರ ಹೋಗ್ಬೇಕು.